ಧಾರವಾಡದಲ್ಲಿ ಏನು ಕೆಲಸ?

ಪ್ರಶ್ನೆ: ಮಾಳಮಡ್ಡಿಯ ನಮ್ಮ ಮನೆಯ ಮಾಳಿಗೆಯ ಕೋಣೆಗಳನ್ನು ದಿನದ ಬಾಡಿಗೆಗೆ ಕೊಡಬೇಕೆಂದಿದ್ದೇನೆ. ಮೊದಲ ಫೋನೇ ಸೇನಾಧಿಕಾರಿ ಎನ್ನುವವರದು. ಮುಂಗಡ ಕೊಡಲು ಕ್ಯೂಆರ್ ಕೋಡ್ ಕಳಿಸಿದ್ದಾರೆ, ಸ್ಕ್ಯಾನ್ ಮಾಡಿ ಎನ್ನುತ್ತಾರೆ. ನಂಬಲೇ? ಬರುವವರು ಎಂಥವರೆಂದು ಮೊದಲೇ ತಿಳಿಯುವುದು ಹೇಗೆ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಅಕ್ಕನವರೇ, ಆ ಕೋಡನ್ನು ಮುಟ್ಟಲೇಬೇಡಿ. ಸ್ಕ್ಯಾನ್ ಮಾಡುವುದು, ಪಿನ್ ಒತ್ತುವುದು ಎರಡೂ ಹಣ ಕೊಡುವವರ ಕೆಲಸ, ಪಡೆಯುವವರದಲ್ಲ. ಸಮವಸ್ತ್ರದ ಫೋಟೊ ತೋರಿಸಿ ಮನೆ ಮಾಲೀಕರನ್ನು ದೋಚುವುದು ಹಳೆಯ ಆಟ. ಹಣ ಹೋಗಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹುಬ್ಬಳ್ಳಿಯ ಲಾಡ್ಜಿನ ಕೌಂಟರಿನಲ್ಲಿ ಕೂತೇ ನನ್ನ ಕೂದಲು ನರೆತದ್ದು. ಮುಖ ನೋಡಿ ಮಂದಿಯನ್ನು ಅಳೆಯುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಫೋನಿನಲ್ಲೇ ಕೇಳಿ: “ಧಾರವಾಡದಲ್ಲಿ ಏನು ಕೆಲಸ?” 2008ರಲ್ಲಿ ಹೈಕೋರ್ಟ್ ಪೀಠ ಬಂದ ಮೇಲೆ ಕೇಸಿಗೆಂದು ಬರುವವರು ಬಹಳ. ಸತ್ತೂರಿನ ಆಸ್ಪತ್ರೆಗೆ, ಕೃಷಿ ಮೇಳಕ್ಕೆ, ಮಗಳನ್ನು ಕೋಚಿಂಗಿಗೆ ಸೇರಿಸಲು ಬರುವವರೂ ಇದ್ದಾರೆ. ಇವರೆಲ್ಲ ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ವಕೀಲರು ಎಷ್ಟು ಫೀಸು ತೆಗೆದುಕೊಂಡರು ಎಂಬುದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ! ಶನಿವಾರ ಸಂಜೆ ಊರಿನವರೇ “ಸುಮ್ಮನೆ, ಒಂದು ರಾತ್ರಿಗೆ” ಎಂದರೆ ಮಾತು ಮುಂದುವರಿಸಿ. ಮನೆಗೆ ಬಣ್ಣ ಹಚ್ಚಿಸುತ್ತಿರುವವರೂ ಇರಬಹುದು. ಎಷ್ಟು ಜನ, ಯಾರ್‍ಯಾರು ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ. ಪಾರ್ಟಿ ಮಾಡಬಯಸುವವರು ಸಾಮಾನ್ಯವಾಗಿ ಮತ್ತೆ ಫೋನ್ ಮಾಡುವುದಿಲ್ಲ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ: “ನೀವು ಯಾವ ಪೈಕಿ?” ಅಂದರೆ ಯಾವ ಜಾತಿ ಎಂದು. ಅದನ್ನು ಕೇಳಬೇಡಿ. ಕೋಣೆ ಹೊಲಸು ಮಾಡಿ ಹೋದವರಲ್ಲಿ ಎಲ್ಲ ಪೈಕಿಯವರನ್ನೂ ಕಂಡಿದ್ದೇನೆ.

ಬುಕ್ ಮಾಡಿದವರದಷ್ಟೇ ಅಲ್ಲ, ಉಳಿಯುವ ಪ್ರತಿಯೊಬ್ಬ ವಯಸ್ಕರ ಗುರುತಿನ ಚೀಟಿ ನೋಡಿ. ಅಣ್ಣ ಬುಕ್ ಮಾಡಿ ತಮ್ಮನ ಗೆಳೆಯರು ಬಂದಿಳಿಯುವುದುಂಟು. ಆಧಾರ್ ಜೆರಾಕ್ಸ್ ರಾಶಿ ಹಾಕಿಕೊಳ್ಳಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಾಕು. ಅನುಮಾನ ಬಂದರೆ ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ಹೆಸರು, ಫೋಟೊ ತಾಳೆ ನೋಡಿ. ಈ ಸ್ಕ್ಯಾನಿಗೆ ಹೆದರಬೇಕಿಲ್ಲ.

ವಿದೇಶಿಯರು ಉಳಿದರೆ ಮಾತ್ರ ಬೇರೆ ಲೆಕ್ಕ. ಅವರು ಬಂದ 24 ಗಂಟೆಯೊಳಗೆ ಅವರ ವಿವರದ ಫಾರ್ಮನ್ನು (ಮೊದಲಿನ ‘ಫಾರ್ಮ್ ಸಿ’, 2025ರ ನಿಯಮಗಳಲ್ಲಿ ‘ಫಾರ್ಮ್ III’) ಆನ್‌ಲೈನ್‌ನಲ್ಲಿ ತುಂಬಬೇಕು, ಅದಕ್ಕೆ ಮೊದಲೇ ನೋಂದಣಿ ಆಗಿರಬೇಕು. ವಿಶ್ವವಿದ್ಯಾಲಯಕ್ಕೆ ಬರುವ ಹೊರದೇಶದ ಸಂಶೋಧಕರನ್ನು ಇಟ್ಟುಕೊಳ್ಳುವ ಮನಸ್ಸಿದ್ದರೆ ಆ ನೋಂದಣಿಯನ್ನು ಈಗಲೇ ಮಾಡಿಸಿಕೊಳ್ಳಿ.