ಐರ್ಲೆಂಡಿನಲ್ಲಿ ಹಳೇ ಕಾರಿಗೆ ಯಾಕಿಷ್ಟು ರೇಟು?

ಡಬ್ಲಿನ್‌ಗೆ ಬಂದು ಎರಡು ತಿಂಗಳಾಯಿತು ಅಂದಿರಿ. ಇಲ್ಲಿ 14 ಸಾವಿರ ಯೂರೋ ಹೇಳುವ ಸೆಕೆಂಡ್ ಹ್ಯಾಂಡ್ ಕಾರು, ಅದೇ ಮಾಡೆಲ್, ಅದೇ ವರ್ಷದ್ದು, ಇಂಗ್ಲೆಂಡಿನಲ್ಲಿ 8 ಸಾವಿರ ಪೌಂಡಿಗೆ ಇದೆ. ಹೊಸಬರು ಅಂತ ಡೀಲರ್‌ಗಳು ಟೋಪಿ ಹಾಕ್ತಿದ್ದಾರಾ, ಅಲ್ಲಿಗೇ ಹೋಗಿ ತಂದುಬಿಡಲಾ ಅಂತ ಕೇಳಿದ್ದೀರಿ. ನಾನು ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ಮೂರು ಕಾರು ಕೊಂಡಿದ್ದೇನೆ, ಮೂರೂ ಹಳೆಯವೇ. ನಿಮಗೆ ಯಾರೂ ಟೋಪಿ ಹಾಕುತ್ತಿಲ್ಲ. ಇಲ್ಲಿನ ರೇಟೇ ಅಷ್ಟು.

ನಿಮ್ಮ ಕಾರಿನ ಲೆಕ್ಕವನ್ನೇ ಹಾಕೋಣ. ಪೌಂಡಿಗೆ 1.15 ಯೂರೋ ಅಂತ ಇಟ್ಟುಕೊಳ್ಳಿ. 8 ಸಾವಿರ ಪೌಂಡ್ ಅಂದರೆ 9,200 ಯೂರೋ. 2021ರ ಜನವರಿಯಿಂದ, ಅಂದರೆ ಬ್ರೆಕ್ಸಿಟ್ ಪೂರ್ತಿ ಜಾರಿಗೆ ಬಂದ ಮೇಲೆ, ಅಲ್ಲಿಂದ ತಂದ ಕಾರಿಗೆ ಕಸ್ಟಮ್ಸ್ ಸುಂಕ 10%. ಬ್ರಿಟನ್ನಿನಲ್ಲೇ ತಯಾರಾದದ್ದು ಅನ್ನುವ ದಾಖಲೆ ಇದ್ದರೆ ಅದು ತಪ್ಪುತ್ತದೆ. ಈಗ 10,120 ಆಯಿತು. ಅದರ ಮೇಲೆ 23% ವ್ಯಾಟ್. ಅಲ್ಲಿಗೆ ಹತ್ತಿರ ಹತ್ತಿರ 12,450.

ಇನ್ನೂ ವಿಆರ್‌ಟಿ ಬಾಕಿ ಇದೆ. ಅದು ಇಲ್ಲಿನ ನೋಂದಣಿ ತೆರಿಗೆ. ಹೊಸಬರು ಎಡವುವುದು ಇಲ್ಲೇ. ನೀವು ಕೊಟ್ಟ ಹಣದ ಮೇಲೆ ಈ ತೆರಿಗೆ ಹಾಕುವುದಿಲ್ಲ. ಈ ಕಾರು ಐರ್ಲೆಂಡಿನಲ್ಲಿ ಎಷ್ಟಕ್ಕೆ ಹೋಗುತ್ತದೆ ಅಂತ ತೆರಿಗೆ ಇಲಾಖೆಯವರೇ ಒಂದು ಬೆಲೆ ಕಟ್ಟುತ್ತಾರೆ, ಅದರ ಮೇಲೆ ಹಾಕುತ್ತಾರೆ. ನೀವು ಎಷ್ಟೇ ಚೌಕಾಸಿ ಮಾಡಿ ತಂದರೂ ಒಂದು ಸೆಂಟ್ ಇಳಿಯುವುದಿಲ್ಲ. ಕಿಲೋಮೀಟರಿಗೆ 116ರಿಂದ 120 ಗ್ರಾಂ ಸಿಓಟು (ಇಂಗಾಲದ ಡೈಆಕ್ಸೈಡ್) ಬಿಡುವ ಕಾರಾದರೆ 16%. 14 ಸಾವಿರಕ್ಕೆ 2,240. ಒಟ್ಟು 14,690 ಆಯಿತು. ನೈಟ್ರೋಜನ್ ಆಕ್ಸೈಡಿನ ತೆರಿಗೆ ಬೇರೆ, ಹಡಗಿನ ಟಿಕೆಟ್ ಬೇರೆ, ಎರಡು ದಿನದ ರಜೆ ಬೇರೆ. ದೆಹಲಿ ಕಾರು ಕಮ್ಮಿಗೆ ಸಿಕ್ಕಿತು ಅಂತ ಬೆಂಗಳೂರಿಗೆ ತಂದು, ಆಮೇಲೆ ಎನ್‌ಒಸಿ, ಲೈಫ್ ಟೈಮ್ ಟ್ಯಾಕ್ಸ್ ಅಂತ ಆರ್‌ಟಿಓ ಸುತ್ತುವವರನ್ನು ನೋಡಿದ್ದೀರಿ ಅಲ್ವಾ? ಅದೇ ಕಥೆ.

ಮುಂಚೆ ಹೀಗಿರಲಿಲ್ಲ. 2019ರಲ್ಲಿ ಬ್ರಿಟನ್ ಕಡೆಯಿಂದ ಲಕ್ಷಕ್ಕೂ ಜಾಸ್ತಿ ಹಳೇ ಕಾರು ಬಂದಿದ್ದವು. 2022ರ ಹೊತ್ತಿಗೆ ಅದರ ಅರ್ಧವೂ ಇಲ್ಲ. ಕೋವಿಡ್ ವರ್ಷಗಳಲ್ಲಿ ಇಲ್ಲಿ ಹೊಸ ಕಾರೂ ಕಮ್ಮಿ ಮಾರಾಟವಾದವು. ಆ ವರ್ಷಗಳ ಕಾರು ಹುಡುಕಿಕೊಂಡು ಹೋದರೆ ಈಗ ಸಿಗುವುದೇ ಕಮ್ಮಿ, ಅದಕ್ಕೇ ಈ ರೇಟು. ಜರ್ಮನಿಯಿಂದ ತರೋಣ ಅಂದರೆ ಅಲ್ಲಿ ಸ್ಟೀರಿಂಗ್ ಎಡಗಡೆ. ಜಪಾನಿನ ಕಾರುಗಳು ಬಲಗಡೆ ಸ್ಟೀರಿಂಗಿನವು, ಸಾಕಷ್ಟು ಬರುತ್ತಿವೆ, ಒಳ್ಳೆಯ ಸ್ಥಿತಿಯಲ್ಲೂ ಇರುತ್ತವೆ. ಆದರೆ ಆಮದು ಕಾರು ಅಂದರೆ ಕೆಲವು ಇನ್ಶೂರೆನ್ಸ್ ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಕೇಳದೆ ಕೊಳ್ಳಬೇಡಿ.

ಉತ್ತರ ಐರ್ಲೆಂಡ್ ಹತ್ತಿರ ಅಲ್ವಾ, ಗಡಿಯಾಚೆಯ ನ್ಯೂರಿ ಊರಿಗೆ ಬಸ್ಸಿನಲ್ಲೇ ಹೋಗಬಹುದು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾರು ನಿಜವಾಗಿ ಅಲ್ಲೇ ಓಡಾಡಿದ್ದು ಅಂತ ದಾಖಲೆ ಇದ್ದರೆ ಸುಂಕ, ವ್ಯಾಟ್ ಇರುವುದಿಲ್ಲ, ನಿಜ. ಆದರೆ ಅದು ಬ್ರಿಟನ್ನಿಗೆ ಸೇರಿದ ಜಾಗ. ಗಡಿಯಲ್ಲಿ ಗೇಟಿಲ್ಲ, ಪೊಲೀಸರಿಲ್ಲ, ಬೋರ್ಡಿನಲ್ಲಿ ಕಿಲೋಮೀಟರ್ ಹೋಗಿ ಮೈಲಿ ಬರುತ್ತದೆ ಅಷ್ಟೇ. ಆದರೂ ನಮ್ಮ ಇಂಡಿಯನ್ ಪಾಸ್‌ಪೋರ್ಟಿಗೆ ಬ್ರಿಟನ್ ವೀಸಾ ಬೇಕೇ ಬೇಕು. ಇಲ್ಲಿನ ರೆಸಿಡೆನ್ಸ್ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ. ಒಂದೆರಡು ಸಾವಿರ ಉಳಿಸಲು ಹೋಗಿ ವೀಸಾ ದಾಖಲೆಗೆ ಮಸಿ ಬಳಿದುಕೊಳ್ಳಬೇಡಿ. ದಯವಿಟ್ಟು.

ನಾನೂ ಐರಿಷ್ ಪಾಸ್‌ಪೋರ್ಟ್ ಬಂದ ಮೇಲೆಯೇ ಆ ಕಡೆ ಹೋಗಿ ಒಂದು ಕಾರು ನೋಡಿದ್ದು. ಮೀಟರಿನಲ್ಲಿ 68 ಸಾವಿರ ಮೈಲಿ. ಸೀಟು ಚೊಕ್ಕ, ಬಣ್ಣ ಫಳಫಳ. ಅಡ್ವಾನ್ಸ್ ಕೊಡಲು ಕೈ ಜೇಬಿಗೆ ಹೋಗಿತ್ತು. ಬಾನೆಟ್ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟೆ. ಟೈಮಿಂಗ್ ಬೆಲ್ಟ್ ಬದಲಿಸಿದ ಮೆಕ್ಯಾನಿಕ್ ಒಂದು ಸಣ್ಣ ಹಳದಿ ಸ್ಟಿಕ್ಕರ್ ಅಂಟಿಸಿದ್ದ. ಅದರಲ್ಲಿ ನೀಲಿ ಪೆನ್ನಿನಲ್ಲಿ, ಬೆಲ್ಟ್ ಬದಲಿಸಿದಾಗಿನ ಮೈಲಿ 91,000 ಅಂತ ಬರೆದಿತ್ತು. ಅಂದರೆ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರು. ಮಾರುವವನಿಗೆ ತೋರಿಸಿದೆ. ಅವನು ಮಾತಾಡಲಿಲ್ಲ. ನಾನು ಬಾನೆಟ್ ಮುಚ್ಚಿ ಬಸ್ ಹತ್ತಿದೆ. ಬ್ರಿಟನ್ನಿನಿಂದ ಬಂದ ಕಾರಾದರೆ ಅದರ ಹಳೇ ನಂಬರ್ ಕೇಳಿ ಇಸಿದುಕೊಳ್ಳಿ. ಅಲ್ಲಿನ ಎಂಓಟಿ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಅಂತ ನೋಡುವ ಪರೀಕ್ಷೆಯ ಚರಿತ್ರೆ ಸರ್ಕಾರದ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಒಂದೊಂದು ಸಲದ ಮೈಲಿಯೂ ಅದರಲ್ಲಿರುತ್ತದೆ.

ಹಾಗಾಗಿ ಇಲ್ಲೇ, ಐರಿಷ್ ನಂಬರಿನ ಕಾರು ನೋಡಿ. ನಂಬರ್ ಪ್ಲೇಟಿನಲ್ಲೇ ವಯಸ್ಸಿದೆ: 191-ಡಿ ಅಂದರೆ 2019ರ ಮೊದಲ ಆರು ತಿಂಗಳು, ಡಬ್ಲಿನ್. ಜನವರಿ, ಜುಲೈನಲ್ಲಿ ಹೊಸ ಪ್ಲೇಟ್ ಬರುವುದರಿಂದ ಜನ ಆಗಲೇ ಹಳೇದನ್ನು ಕೊಟ್ಟು ಹೊಸದು ತಗೊಳ್ಳುತ್ತಾರೆ. ಫೆಬ್ರವರಿ, ಆಗಸ್ಟ್‌ನಲ್ಲಿ ಡೀಲರ್ ಅಂಗಳ ತುಂಬಿರುತ್ತದೆ. ನನ್ನ ಎರಡು ಕಾರು ಸಿಕ್ಕಿದ್ದು ಆಗಲೇ. ಕಾರಿಗೆ ನಾಲ್ಕು ವರ್ಷ ದಾಟಿದ್ದರೆ ಎನ್‌ಸಿಟಿ, ಅಂದರೆ ಇಲ್ಲಿನ ಅದೇ ತರಹದ ಪರೀಕ್ಷೆಯ ಕಾಗದ ಕೇಳಿ.

ಇನ್ನೊಂದು. ಕಾರಿಗೆ ಮುಂಚೆ ಇನ್ಶೂರೆನ್ಸ್ ಕೋಟ್ ತೆಗೆಸಿ. ನಮ್ಮ ಇಂಡಿಯಾ ಲೈಸೆನ್ಸನ್ನು ಇಲ್ಲಿ ಬದಲಿಸಿ ಕೊಡುವುದಿಲ್ಲ. ಥಿಯರಿ ಟೆಸ್ಟ್, ಲರ್ನರ್ ಪರ್ಮಿಟ್, ಪಾಠ, ಆಮೇಲೆ ರಸ್ತೆ ಟೆಸ್ಟ್. ಊರಲ್ಲಿ ಹತ್ತು ವರ್ಷ ಓಡಿಸಿದ್ದೀರಿ ಅಂದರೂ ಲೆಕ್ಕಕ್ಕೆ ಹಿಡಿಯುವವರು ಕಮ್ಮಿ. ತುಂಬಾ ಹಳೇ ಕಾರಾದರೆ ಹೊಸ ಡ್ರೈವರಿಗೆ ಕೋಟೇ ಕೊಡದ ಕಂಪನಿಗಳಿವೆ. 3 ಸಾವಿರದ ಕಾರು ಕೊಂಡು ಇನ್ಶೂರೆನ್ಸ್ ಸಿಗದೆ ಮನೆ ಮುಂದೆ ನಿಲ್ಲಿಸಿಕೊಂಡ ಸ್ನೇಹಿತರೊಬ್ಬರು ನನಗಿದ್ದಾರೆ.

ಯಾವುದಾದರೂ ಮನಸ್ಸಿಗೆ ಬಂದರೆ ನಂಬರ್ ಕಳಿಸಿ. ಶನಿವಾರ ನನಗೆ ಬಿಡುವು, ಜೊತೆಗೆ ಬಂದು ಬಾನೆಟ್ ಎತ್ತಿ ನೋಡುತ್ತೇನೆ.