ಸನ್ನದನ್ನು ಪೆಟ್ಟಿಗೆಗೆ ಹಾಕಬೇಡ, ತಂಗಿ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ತಂಗಿ ಅಂತಲೇ ಬರೆಯುತ್ತೇನೆ. ಧಾರವಾಡದಲ್ಲಿ ವಕೀಲಿಕೆ ಮಾಡುತ್ತಿದ್ದವಳು, ಮದುವೆಯಾಗಿ ಈಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದಿದ್ದೀಯ. ಇಲ್ಲಿ ನನ್ನ ಓದಿಗೆ ಬೆಲೆ ಇದೆಯಾ, ನಮ್ಮಂಥವರು ಇಲ್ಲಿನ ಹೈಕೋರ್ಟಿನಲ್ಲಿ ಜಡ್ಜ್ ಆಗೋಕೆ ಸಾಧ್ಯವಾ ಅಂತ ಕೇಳಿದ್ದೀಯ. ನಾನು ಇಲ್ಲಿ ಅಪೀಲು ಕೇಸುಗಳನ್ನೇ ನೋಡುವ ವಕೀಲೆ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಸಮಾಧಾನದ ಮಾತು. ಬೇರೆ ದೇಶದಲ್ಲಿ ಸನ್ನದು ಪಡೆದ ವಕೀಲರು ಈ ರಾಜ್ಯದಲ್ಲಿ ಮತ್ತೆ ಕಾಲೇಜಿಗೆ ಹೋಗದೆ ಬಾರ್ ಪರೀಕ್ಷೆ, ಅಂದರೆ ವಕೀಲಿಕೆಯ ಅರ್ಹತಾ ಪರೀಕ್ಷೆ, ಬರೆಯಬಹುದು. ವಕೀಲರಾಗಲು ಅಮೆರಿಕದ ಪೌರತ್ವ ಬೇಕು ಅನ್ನುವ ನಿಯಮವನ್ನು ಈ ರಾಜ್ಯದ ಸುಪ್ರೀಂ ಕೋರ್ಟ್ 1972ರಲ್ಲೇ ತೆಗೆದುಹಾಕಿದೆ. ವೀಸಾದ ಮೇಲೆ ಕೆಲಸ ಮಾಡಲು ಅನುಮತಿ ಇದೆಯೋ ಇಲ್ಲವೋ ಅನ್ನುವುದು ಬೇರೆ ವಿಷಯ, ಅದನ್ನು ವಿಚಾರಿಸಿಕೋ.

ನೀನು ಹೈಕೋರ್ಟ್ ಅನ್ನುವುದಕ್ಕೆ ಹತ್ತಿರದ್ದು ಇಲ್ಲಿನ ಕೋರ್ಟ್ ಆಫ್ ಅಪೀಲ್. ರಾಜ್ಯದ 58 ಕೌಂಟಿಗಳಲ್ಲೂ, ಅಂದರೆ ನಮ್ಮ ಜಿಲ್ಲೆಗಳಂಥವುಗಳಲ್ಲಿ, ವಿಚಾರಣೆ ನಡೆಸುವ ಒಂದೊಂದು ಸುಪೀರಿಯರ್ ಕೋರ್ಟ್ ಇದೆ. ಅವುಗಳ ಮೇಲೆ ಆರು ಅಪೀಲು ಡಿಸ್ಟ್ರಿಕ್ಟ್‌ಗಳು. ನಿನ್ನ ಮನೆ ಇರುವುದು ಆರನೆಯದರಲ್ಲಿ, ಅದರ ಕೋರ್ಟು ಸ್ಯಾನ್ ಹೋಸೆಯಲ್ಲಿದೆ. ಅಲ್ಲಿ ಸಾಕ್ಷಿ ಇಲ್ಲ, ಪಾಟಿ ಸವಾಲಿಲ್ಲ. ಮೂವರು ಜಡ್ಜ್‌ಗಳು ಕೆಳಗಿನ ಕೋರ್ಟಿನ ದಾಖಲೆ ಓದುತ್ತಾರೆ, ಎರಡೂ ಕಡೆಯವರು ಬರೆದುಕೊಟ್ಟ ವಾದ ಓದುತ್ತಾರೆ, ಆಮೇಲೆ ತೀರ್ಪು ಬರೆಯುತ್ತಾರೆ. ಒಂಟಿಯಾಗಿ ಕೂತು ಓದುವ ಕೆಲಸವೇ ಜಾಸ್ತಿ. ಇಲ್ಲಿ ನನಗೆ ಬಹಳ ಇಷ್ಟವಾದ ಒಂದು ನಿಯಮ ಇದೆ, ಅದು ರಾಜ್ಯದ ಸಂವಿಧಾನದಲ್ಲೇ ಇದೆ. ಕೇಸು ತೀರ್ಪಿಗೆ ಬಂದು 90 ದಿನ ಕಳೆದರೂ ತೀರ್ಪು ಕೊಡದಿದ್ದರೆ, ಕೊಡುವವರೆಗೆ ಆ ಜಡ್ಜ್ ಸಂಬಳ ತೆಗೆದುಕೊಳ್ಳುವಂತಿಲ್ಲ. ವಾಯಿದೆ ಮೇಲೆ ವಾಯಿದೆ ನೋಡಿ ಬಂದ ನಮಗೆ ಇದರ ಬೆಲೆ ಗೊತ್ತು, ಅಲ್ವಾ?

ಜಡ್ಜ್ ಆಗಲು ಹತ್ತು ವರ್ಷ ಇಲ್ಲಿನ ಬಾರ್‌ನ, ಅಂದರೆ ವಕೀಲರ ಪರಿಷತ್ತಿನ, ಸದಸ್ಯತ್ವ ಬೇಕು. ಧಾರವಾಡದ ವರ್ಷಗಳು ಇದಕ್ಕೆ ಸೇರುವುದಿಲ್ಲ. ನೇಮಕ ಮಾಡುವವರು ಗವರ್ನರ್. ಅದಕ್ಕೆ ಮೊದಲು ಬಾರ್‌ನ ಒಂದು ಸಮಿತಿ ನಿನ್ನ ಜೊತೆ, ನಿನ್ನ ಎದುರು ಕೆಲಸ ಮಾಡಿದ ವಕೀಲರಿಗೂ ಜಡ್ಜ್‌ಗಳಿಗೂ ಗುಟ್ಟಾಗಿ ಫಾರ್ಮ್ ಕಳಿಸುತ್ತದೆ. ಇವಳ ನಡತೆ ಹೇಗೆ, ಬುದ್ಧಿ ಹೇಗೆ, ಸಿಟ್ಟು ಹೇಗೆ ಅಂತ ಅವರು ಬರೆಯುತ್ತಾರೆ. ಎದುರು ವಕೀಲರ ಮಗುವಿಗೆ ಹುಷಾರಿಲ್ಲದಾಗ ಒಂದು ವಾರದ ಗಡುವು ಕೊಡದೆ ಸತಾಯಿಸಿದರೆ, ಅದು ಹತ್ತು ವರ್ಷದ ಮೇಲೂ ಆ ಫಾರ್ಮ್‌ನಲ್ಲಿ ಬರಬಹುದು. ಅದಕ್ಕೇ ಹೇಳುತ್ತೇನೆ, ಮೊದಲ ಕೇಸಿನಿಂದಲೇ ನೀನು ಹೇಗೆ ನಡೆದುಕೊಳ್ಳುತ್ತೀಯ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ಇನ್ನು ನಮ್ಮಂಥವರು ಅನ್ನುವ ಮಾತು. ಕ್ರೂಸ್ ರೆನೋಸೊ ಅಂತ ಒಬ್ಬರಿದ್ದರು. ಮೆಕ್ಸಿಕೊ ಮೂಲದ ಕೂಲಿ ಕುಟುಂಬ, ಹನ್ನೊಂದು ಮಕ್ಕಳು. ಚಿಕ್ಕಂದಿನಲ್ಲಿ ತಾವೂ ಹೊಲದಲ್ಲಿ ದುಡಿದವರು. ಕಾನೂನು ಓದಿ, ಹಳ್ಳಿಯ ಬಡವರಿಗೆ ಕೋರ್ಟಿನಲ್ಲಿ ನೆರವಾಗುವ ಸಂಸ್ಥೆಯನ್ನು ನಡೆಸಿದರು. 1976ರಲ್ಲಿ ಸ್ಯಾಕ್ರಮೆಂಟೊದ ಅಪೀಲು ಕೋರ್ಟಿಗೆ ಬಂದರು, 1982ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೆ. ಅಲ್ಲಿಗೆ ಹೋದ ಮೊದಲ ಲ್ಯಾಟಿನೊ ಅವರೇ.

ಆದರೆ ಇಲ್ಲಿ ಅಪೀಲು ಜಡ್ಜ್‌ಗಳ ಹೆಸರು ಮತಪತ್ರದಲ್ಲೂ ಬರುತ್ತದೆ. ಎದುರಾಳಿ ಇರುವುದಿಲ್ಲ. ಇವರು ಮುಂದುವರಿಯಬೇಕಾ, ಹೌದು ಅಥವಾ ಇಲ್ಲ, ಅಷ್ಟೇ. ಪೂರ್ಣ ಅವಧಿ 12 ವರ್ಷ. 1986ರಲ್ಲಿ, ಮರಣದಂಡನೆಗಳನ್ನು ರದ್ದು ಮಾಡಿದ ತೀರ್ಪುಗಳ ಮೇಲೆ ದೊಡ್ಡ ಗಲಾಟೆ ಎದ್ದಿತು. ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್, ಜೋಸೆಫ್ ಗ್ರೋಡಿನ್, ರೆನೋಸೊ ಮೂವರನ್ನೂ ಜನ ಮನೆಗೆ ಕಳಿಸಿದರು. ಇದು ನನಗೆ ಇಂದಿಗೂ ಸರಿ ಅನ್ನಿಸುವುದಿಲ್ಲ. ಕೊಲೆ ಆರೋಪಿಗೂ ಕಾನೂನು ಅನ್ವಯಿಸುತ್ತದೆ ಅಂತ ಬರೆಯುವ ಕೈ, ಮುಂದಿನ ಚುನಾವಣೆ ನೆನೆದು ನಡುಗಬಾರದು. ಈ ಒಂದು ವಿಷಯದಲ್ಲಿ, ಜಡ್ಜ್‌ಗಳು ಜನರ ಮತಕ್ಕೆ ಕಾಯಬೇಕಿಲ್ಲದ ನಮ್ಮ ಭಾರತದ ಪದ್ಧತಿಯೇ ನನಗೆ ಇಷ್ಟ. ರೆನೋಸೊ ಸೋತ ಮೇಲೆ ಸುಮ್ನೆ ಕೂರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ, ಆಮೇಲೆ ಡೇವಿಸ್‌ನಲ್ಲಿ ಕಾನೂನು ಪಾಠ ಮಾಡಿದರು.

ಈಗ ನೀನು ಮಾಡಬೇಕಾದ್ದು ಎರಡೇ. ಸ್ಯಾನ್ ಹೋಸೆಯ ಕೋರ್ಟಿನಲ್ಲಿ ವಾದ ಇರುವ ದಿನ ನೋಡಿಕೊಂಡು ಹೋಗಿ ಹಿಂದೆ ಕೂತುಕೋ, ಯಾರು ಬೇಕಾದರೂ ಹೋಗಬಹುದು. ಕರಿ ಕೋಟು, ಕೊರಳಿನ ಬಿಳಿ ಬ್ಯಾಂಡು ಬೇಕಿಲ್ಲ, ಇಲ್ಲಿ ವಕೀಲರು ಸಾದಾ ಸೂಟಿನಲ್ಲೇ ವಾದಿಸುತ್ತಾರೆ. ಇನ್ನೊಂದು, ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಿಂದ ನಿನ್ನ ಸನ್ನದು ಚಾಲ್ತಿಯಲ್ಲಿದೆ ಅನ್ನುವ ಪ್ರಮಾಣಪತ್ರ ತರಿಸಿಕೋ. ಬೆಂಗಳೂರಿನಲ್ಲಿ ಓಡಾಡಲು ನಿನ್ನ ಪರವಾಗಿ ಯಾರಾದರೂ ಇದ್ದರೆ ಈ ವಾರವೇ ಹೇಳು.