ಖಾಲಿ ಬಿಟ್ಟ ಜಾಗಕ್ಕೆ ಎಷ್ಟು ಅಂಕ?

ಹೊಸನಗರ ಕಡೆಯ ಪ್ರೌಢಶಾಲೆಯೊಂದರ ಚಿತ್ರಕಲಾ ಶಿಕ್ಷಕಿ ಬರೆದ ಪತ್ರ ಇದು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ.

“ಒಂಬತ್ತನೇ ತರಗತಿಗೆ ‘ನಮ್ಮೂರ ಮಳೆಗಾಲ’ ಅಂತ ಚಿತ್ರ ಬರೆಯಲು ಕೊಟ್ಟಿದ್ದೆ. ಒಬ್ಬಳು ಹುಡುಗಿ ಹಾಳೆಯ ಕೆಳಗಿನ ಮೂಲೆಯಲ್ಲಿ ಹೆಂಚಿನ ಮಾಡಿನ ಅಂಚು, ಅದರ ಹಿಂದೆ ನಾಲ್ಕು ಅಡಿಕೆ ಮರದ ಕಾಂಡ ಬರೆದು ನಿಲ್ಲಿಸಿದ್ದಳು. ಮರಗಳಿಗೆ ತಲೆಯೇ ಇಲ್ಲ. ಮುಕ್ಕಾಲು ಹಾಳೆ ಬಿಳಿ. ಕೇಳಿದರೆ ‘ಮಂಜು ಮೇಡಂ’ ಅಂದಳು. ನಾನು ಭೇಷ್ ಅಂದೆ. ಅದು ಕಿವಿಗೆ ಬಿದ್ದದ್ದೇ ಹಿಂದಿನ ಬೆಂಚಿನ ಹುಡುಗನೊಬ್ಬ ಖಾಲಿ ಹಾಳೆ ತಂದುಕೊಟ್ಟು ‘ನಂದು ಇನ್ನೂ ಜಾಸ್ತಿ ಮಂಜು’ ಅಂದ! ತರಗತಿಯೆಲ್ಲ ನಕ್ಕಿತು. ನನಗೂ ನಗು ಬಂತು. ಆದರೆ ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ಮೇಲಿಂದ ಹುಡುಗಿಯ ತಂದೆ ಬಂದು ‘ಅರ್ಧ ಬರೆದದ್ದಕ್ಕೆ ಅಂಕ ಕೊಟ್ಟರೆ ಮಕ್ಕಳು ಸೋಮಾರಿಗಳಾಗಲ್ವಾ?’ ಎಂದು ಕೇಳಿ ಹೋದರು. ಪೂರ್ತಿಯಾಗದ್ದರಲ್ಲೂ ಒಂದು ಚೆಲುವಿದೆ ಅನ್ನುವುದನ್ನು ಮಕ್ಕಳಿಗೆ ಕಲಿಸುವುದು ಹೇಗೆ?”

ಮೇಡಂ,

ಮೊದಲು ಆ ಹಿಂದಿನ ಬೆಂಚಿನವನಿಗೆ ನನ್ನದೊಂದು ಶಹಬ್ಬಾಸ್ ತಿಳಿಸಿ. ಅವನು ಮಾಡಿದ್ದು ತಮಾಷೆಯೇ. ಆದರೆ ಎತ್ತಿದ ಪ್ರಶ್ನೆಗೆ ಉತ್ತರ ಹೇಳದೆ ನಿಮ್ಮ ಪಾಠ ಮುಂದೆ ಹೋಗುವ ಹಾಗಿಲ್ಲ. ಬಿಳಿ ಬಿಳಿಯೇ ಅಲ್ವಾ? ಅವಳ ಬಿಳಿಗೆ ಭೇಷ್, ನನ್ನ ಬಿಳಿಗೆ ನಗು, ಯಾಕೆ?

ಹುಡುಗಿಯ ಹಾಳೆಯನ್ನು ನಾನು ನೋಡಿಲ್ಲ, ನಿಮ್ಮ ಮಾತಿನಲ್ಲಿ ಕಂಡಷ್ಟರಿಂದ ಹೇಳುತ್ತೇನೆ. ನಾಲ್ಕು ಕಾಂಡ ಇವೆ. ಮಲೆನಾಡಿನವರಿಗೆ ಅಡಿಕೆ ಮರದ ಕಾಂಡ ಕಂಡರೆ ಕಣ್ಣು ಸೀದಾ ಮೇಲಕ್ಕೇ ಹೋಗುತ್ತದೆ. ಸೋಗೆ ಎಲ್ಲಿ, ಗೊನೆ ಎಲ್ಲಿ, ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿದ್ದಾರಾ, ಕೊಳೆ ರೋಗ ಬಂದಿದೆಯಾ ಅಂತ ಹುಡುಕುತ್ತದೆ. ಅಲ್ಲಿ ಏನೂ ಸಿಗುವುದಿಲ್ಲ. ಸಿಗದೇ ಇದ್ದಾಗಲೇ ನಮಗೆ ಮಂಜು ಕಾಣಿಸುವುದು. ಅಂದರೆ ಆ ಬಿಳಿಗೆ ಕೆಲಸ ಹಚ್ಚಿದ್ದು ಆ ನಾಲ್ಕು ಕಾಂಡ. ಹುಡುಗನ ಹಾಳೆಯಲ್ಲಿ ಬಿಳಿ ಸುಮ್ನೆ ಬಿದ್ದುಕೊಂಡಿದೆ. ಅದನ್ನು ನೋಡಿ ನಾವು ನಕ್ಕಿದ್ದು ಕೂಡ ಪಕ್ಕದಲ್ಲಿ ಹುಡುಗಿಯ ಹಾಳೆ ಇದ್ದದ್ದಕ್ಕೇ. ಅದೊಂದಿಲ್ಲದಿದ್ದರೆ ಇವನ ಜೋಕೂ ನಡೆಯುತ್ತಿರಲಿಲ್ಲ.

ಹಾಗಾಗಿ ಅಂಕದ ಮಾತು ಸುಲಭ. ಹುಡುಗಿಗೆ ಕೊಡಿ. ಹುಡುಗನಿಗೆ ಅದೇ ಹಾಳೆ ವಾಪಸ್ ಕೊಟ್ಟು, “ಒಂದೇ ಒಂದು ವಸ್ತು ಬರಿ, ಎಲ್ಲಿ ಬೇಕಾದರೂ ಬರಿ, ಆದರೆ ಅದನ್ನು ನೋಡಿದ ಕೂಡಲೇ ಉಳಿದದ್ದೆಲ್ಲ ಮಂಜು ಅಂತ ನನಗೆ ಗೊತ್ತಾಗಬೇಕು” ಅನ್ನಿ. ಮಜಾ ಇರುವುದು ಇಲ್ಲೇ. ಎಲೆಕ್ಟ್ರಿಕ್ ಕಂಬದ ಬುಡ ಬರೆಯುತ್ತಾನೋ, ಬಸ್ಸಿನ ಎರಡು ಹೆಡ್‌ಲೈಟ್ ಬರೆಯುತ್ತಾನೋ ನೋಡಿ. ತಂತಿಯ ಮೇಲೆ ಕಾಗೆ ಕೂರಿಸಿ ತಂತಿಯನ್ನೇ ಬಿಟ್ಟುಬಿಟ್ಟರೆ, ಅವನನ್ನು ಮುಂದಿನ ಬೆಂಚಿಗೆ ಕರೆತನ್ನಿ.

ಇನ್ನು ದೊಡ್ಡ ಪ್ರಶ್ನೆ. ಪೂರ್ತಿಯಾಗದ್ದರ ಚೆಲುವು ಅಂತ ಒಂದು ಪಾಠ ಮಾಡುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಹಾಗೆ ಬೋರ್ಡಿನ ಮೇಲೆ ಬರೆದ ತಕ್ಷಣ ಮಕ್ಕಳು ಅದನ್ನೂ ಬಾಯಿಪಾಠ ಮಾಡುತ್ತಾರೆ. ಆಮೇಲೆ ಹೋಮ್‌ವರ್ಕ್ ಮುಗಿಸದವರೆಲ್ಲ ಕಲಾವಿದರಾಗುತ್ತಾರೆ. (ಒಡೆದ ಬಟ್ಟಲಿಗೆ ಚಿನ್ನದ ಬೆಸುಗೆ ಹಾಕುವ ಜಪಾನಿನ ಕಥೆಯನ್ನು ದಯವಿಟ್ಟು ಹೇಳಬೇಡಿ. ಅದು ಎಲ್ಲರ ವಾಟ್ಸಾಪಿನಲ್ಲೂ ಬಂದು ಹೋಗಿದೆ. ಮೇಲಾಗಿ ಅದು ಒಡೆದದ್ದರ ಕಥೆ, ಮುಗಿಯದ್ದರದ್ದಲ್ಲ.) ಅರ್ಧಕ್ಕೆ ನಿಂತದ್ದೆಲ್ಲ ಒಂದೇ ಜಾತಿಯದ್ದಲ್ಲ. ಮಕ್ಕಳಿಗೆ ಆ ಬೇರೆಬೇರೆ ಜಾತಿಗಳನ್ನು ತೋರಿಸಿದರೆ ಸಾಕು, ಉಳಿದದ್ದು ಅವರ ಕಣ್ಣಿಗೆ ಬಿಟ್ಟದ್ದು.

ಕೆಲವು ಕೆಲಸಗಳು ನಿಂತದ್ದು ಪಾಪ, ಯಾರೂ ಬೇಕೆಂದು ನಿಲ್ಲಿಸಿದ್ದಲ್ಲ. ಹಳೇಬೀಡಿಗೆ ಶಾಲಾ ಪ್ರವಾಸ ಹೋಗೇ ಹೋಗುತ್ತೀರಿ. ಹೊಯ್ಸಳೇಶ್ವರ ಗುಡಿ 1121ರ ಸುಮಾರಿಗೆ ಶುರುವಾದದ್ದು. ಶಿಖರಗಳಿಲ್ಲ, ಗೋಡೆಯಲ್ಲಿ ಅಲ್ಲಲ್ಲಿ ಕೆತ್ತನೆಯೂ ಮುಗಿದಿಲ್ಲ. ಗೈಡ್ ನಿಮ್ಮನ್ನು ಮುಗಿದ ಕಡೆಗೇ ಎಳೆದುಕೊಂಡು ಹೋಗುತ್ತಾನೆ. ನೀವು ಮಕ್ಕಳನ್ನು ಮುಗಿಯದ ಕಡೆಗೂ ಐದು ನಿಮಿಷ ನಿಲ್ಲಿಸಿ. ಹೊಯ್ಸಳ ಶಿಲ್ಪಿಗಳ ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಕಲ್ಲನ್ನು ಮೊದಲು ದಪ್ಪ ಆಕಾರಕ್ಕೆ ತಂದು, ಗೋಡೆಗೆ ಕೂರಿಸಿ, ನವುರು ಕೆಲಸವನ್ನು ಅಲ್ಲೇ ಮಾಡುತ್ತಿದ್ದರು. ಕೆಲಸ ನಿಂತ ಕಡೆ ಆ ದಪ್ಪ ಆಕಾರ ಹಾಗೇ ಉಳಿದಿದೆ. ಪೂರ್ತಿ ಮುಗಿದ ಶಿಲ್ಪದ ಎದುರು ಮಗು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ, ಇದು ಮನುಷ್ಯರು ಮಾಡಿದ್ದಲ್ಲ ಅಂದುಕೊಳ್ಳುತ್ತದೆ. ಮುಗಿಯದ ಕಲ್ಲಿನ ಎದುರು ಅದೇ ಮಗು, “ಓ, ಮೊದಲು ಹೀಗೆ ಮಾಡ್ಕೊಂಡು ಆಮೇಲೆ ಒಳಗೆ ಹೋಗ್ತಾರೆ” ಅನ್ನುತ್ತದೆ. ನನಗಂತೂ ಎರಡನೆಯ ಮಾತೇ ಹೆಚ್ಚು ಬೆಲೆಯದ್ದು.

ಹಳೇಬೀಡು ದೂರವಾದರೆ ಸಾಗರ, ಸೊರಬದ ಕಡೆ ಗುಡಿಗಾರರಿದ್ದಾರೆ. ಅವರ ಗಂಧದ ಕೆತ್ತನೆಯನ್ನು ಮಕ್ಕಳು ಅಂಗಡಿಯ ಗಾಜಿನ ಕಪಾಟಿನಲ್ಲಿ ನೋಡಿರುತ್ತಾರೆ. ಅಲ್ಲಿ ಬೇಡ. ಕೆಲಸ ಮಾಡುವ ಜಾಗಕ್ಕೆ ಕರೆದೊಯ್ಯಿರಿ. ಒಂದು ಗಣಪತಿಯ ಸೊಂಡಿಲು ಹೊರಬಂದಿರುತ್ತದೆ, ಹೊಟ್ಟೆ ಇನ್ನೂ ಮರದ ಒಳಗೇ ಇರುತ್ತದೆ. ಉಳಿಯ ಗುರುತು ಹಸಿಯಾಗಿರುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲಿ ಮೈಕೆಲಾಂಜೆಲೊ ಅರ್ಧಕ್ಕೆ ಬಿಟ್ಟ ಸೆರೆಯಾಳುಗಳ ನಾಲ್ಕು ದೊಡ್ಡ ಪ್ರತಿಮೆಗಳಿವೆ. ಎರಡನೇ ಜೂಲಿಯಸ್ ಪೋಪ್‌ನ ಸಮಾಧಿಗೆಂದು ಶುರು ಮಾಡಿದ್ದು, ಸಮಾಧಿಯ ಯೋಜನೆ ಬದಲಾಗುತ್ತಾ ಹೋಗಿ ಅವು ಹಾಗೇ ಉಳಿದವು. ಕಲ್ಲಿನಿಂದ ಹೊರಬರಲು ಒದ್ದಾಡುತ್ತಿರುವ ಹಾಗೆ ಕಾಣುತ್ತವೆ ಎಂದು ಜಗತ್ತೇ ಹೊಗಳುತ್ತದೆ. ಫೋಟೊ ತೋರಿಸಿ, ಬೇಡ ಅನ್ನುವುದಿಲ್ಲ. ಆದರೆ ಗುಡಿಗಾರರ ಗಣಪತಿಯನ್ನು ನೋಡಿ ಬಂದ ಮೇಲೆ ತೋರಿಸಿ.

ಮಕ್ಕಳಿಗೆ ಇನ್ನೂ ಇಷ್ಟವಾಗುವ ಒಂದು ಚಿತ್ರ ಇದೆ. ಅಮೆರಿಕ ಸ್ವತಂತ್ರವಾದಾಗ ಇಂಗ್ಲೆಂಡ್ ಜೊತೆ ಪ್ಯಾರಿಸ್‌ನಲ್ಲಿ ಸಂಧಿಯ ಮಾತುಕತೆ ನಡೆಯಿತು. ಬೆಂಜಮಿನ್ ವೆಸ್ಟ್ ಎಂಬ ಚಿತ್ರಕಾರ 1783ರಲ್ಲಿ ಅದನ್ನು ಚಿತ್ರಿಸಲು ಹೊರಟ. ಎಡಗಡೆ ಅಮೆರಿಕದ ಐವರು, ಮುಖವೆಲ್ಲ ಚೆನ್ನಾಗಿ ಮೂಡಿತು. ಬಲಗಡೆ ಬ್ರಿಟಿಷರು ಬರಬೇಕು. ಸೋತವರು ಚಿತ್ರಕ್ಕೆ ಕೂರಲು ಒಪ್ಪಲಿಲ್ಲ ಅನ್ನುತ್ತಾರೆ. ಆ ಅರ್ಧ ಇವತ್ತಿಗೂ ಖಾಲಿಯೇ. ಬ್ರಿಟಿಷರು ಬಂದು ಕೂತಿದ್ದರೆ ಅದು ಸರ್ಕಾರಿ ಕಚೇರಿಯ ಗೋಡೆಗೆ ಸರಿಹೋಗುವ ಇನ್ನೊಂದು ಗುಂಪು ಚಿತ್ರವಾಗುತ್ತಿತ್ತು. ಈಗ ಆ ಖಾಲಿ ಜಾಗವೇ ಸಂಧಿಯ ಕಥೆಯನ್ನೆಲ್ಲ ಹೇಳುತ್ತದೆ. ವೆಸ್ಟ್ ಬೇಕೆಂದು ಮಾಡಿದ್ದಲ್ಲ ಅದು. ಆಕಸ್ಮಿಕಕ್ಕೂ ಕೆಲವೊಮ್ಮೆ ಒಳ್ಳೆಯ ಕೈ ಇರುತ್ತದೆ.

ಇದೆಲ್ಲ ನಿಂತುಹೋದ ಕೆಲಸಗಳ ಮಾತಾಯಿತು. ಆದರೆ ನಿಮ್ಮ ಹುಡುಗಿಯ ಚಿತ್ರ ಈ ಜಾತಿಯದ್ದಲ್ಲ. ಅವಳು ಉಳಿದದ್ದನ್ನು ನೋಡುವವರ ಪಾಲಿಗೆ ಬಿಟ್ಟಿದ್ದಾಳೆ. ಈ ವಿದ್ಯೆ ನೋಡಬೇಕೆಂದರೆ ಮ್ಯೂಸಿಯಂ ಬೇಕಿಲ್ಲ. ಮಳೆಗಾಲದಲ್ಲಿ ನಿಮ್ಮ ಸುತ್ತಮುತ್ತ ಎಲ್ಲಾದರೂ ತಾಳಮದ್ದಲೆ ಇದ್ದೇ ಇರುತ್ತದೆ.

ತಾಳಮದ್ದಲೆಯನ್ನು ಹೊಸಬರ ಕಣ್ಣಿನಿಂದ ನೋಡಿ ಒಮ್ಮೆ. ಯಕ್ಷಗಾನದಲ್ಲಾದರೂ ವೇಷ ಇದೆ, ಕುಣಿತ ಇದೆ. ಇಲ್ಲಿ ಅದೂ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದ ಇಬ್ಬರು ಎದುರುಬದುರು ಕುರ್ಚಿಯಲ್ಲಿ ಕೂತಿರುತ್ತಾರೆ. ಒಬ್ಬರು ಕೃಷ್ಣ, ಒಬ್ಬರು ಕೌರವ. ಭಾಗವತರು ನಾಲ್ಕು ಸಾಲಿನ ಪದ ಹೇಳಿ ನಿಲ್ಲಿಸುತ್ತಾರೆ. ಪ್ರಸಂಗ ಬರೆದ ಕವಿ ಕೊಟ್ಟಿದ್ದು ಅಷ್ಟೇ, ಪದಗಳು ಮಾತ್ರ. ಮಾತನ್ನು ಬರೆದೇ ಇಲ್ಲ. ಆ ನಾಲ್ಕು ಸಾಲು ಹಿಡಿದು ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾರೆ, ಎದುರಿನವರು ಅದನ್ನು ಕತ್ತರಿಸುತ್ತಾರೆ, ಇವರು ಮತ್ತೆ ಹೊಲಿಯುತ್ತಾರೆ. ಸಂಧಾನಕ್ಕೆ ಬಂದ ಕೃಷ್ಣನನ್ನು “ನಮ್ಮ ಮನೆ ಬಿಟ್ಟು ವಿದುರನ ಮನೆಯಲ್ಲಿ ಯಾಕೆ ಉಂಡೆ?” ಅಂತ ಕೌರವ ಕೆಣಕಿದರೆ, ಈ ವರ್ಷ ಕೃಷ್ಣ ಕೊಟ್ಟ ಉತ್ತರ ಮುಂದಿನ ವರ್ಷ ಇರುವುದಿಲ್ಲ. ಸಭೆ ಇಲ್ಲ, ಸಿಂಹಾಸನ ಇಲ್ಲ, ಭೀಷ್ಮ ದ್ರೋಣರು ಇಲ್ಲ. ಹೊರಗೆ ಮಳೆ ಬಡಿಯುತ್ತಿರುತ್ತದೆ, ಜಮಖಾನದ ಮೇಲೆ ಕೂತವರಿಗೆ ಹಸ್ತಿನಾವತಿ ಕಾಣುತ್ತಿರುತ್ತದೆ. ಕವಿ ಬಿಟ್ಟದ್ದನ್ನು ಅರ್ಥಧಾರಿ ತುಂಬಿದರು, ಅರ್ಥಧಾರಿ ಬಿಟ್ಟದ್ದನ್ನು ಕೇಳುವವರು ತುಂಬಿಕೊಂಡರು. ಪ್ರಸಂಗದ ಕವಿ ಮಾತನ್ನೂ ಬರೆದಿಟ್ಟಿದ್ದರೆ ತಾಳಮದ್ದಲೆ ಹುಟ್ಟುತ್ತಲೇ ಇರಲಿಲ್ಲ.

ನಿಮ್ಮ ಮಕ್ಕಳನ್ನು ಒಂದು ಗಂಟೆ ಅಲ್ಲಿ ಕೂರಿಸಿ, ಮಾರನೆಯ ದಿನ ಕೌರವನ ಆಸ್ಥಾನ ಬರೆಯಲು ಹೇಳಿ. ಮೂವತ್ತು ಮಕ್ಕಳು ಮೂವತ್ತು ಆಸ್ಥಾನ ತರುತ್ತಾರೆ. ಅದೇ ಟಿವಿ ಧಾರಾವಾಹಿ ನೋಡಿದವರು ಒಂದೇ ಆಸ್ಥಾನ ತರುತ್ತಾರೆ, ಬಂಗಾರದ ಬಣ್ಣದ್ದು.

ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಹೊಸಹಳ್ಳಿ ಶಿವಮೊಗ್ಗದ ಹತ್ತಿರವೇ, ತುಂಗೆಯ ದಡದಲ್ಲಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಗಳು ಜಾಸ್ತಿ ಹಾಡುವ ಕುಮಾರವ್ಯಾಸನ ಭಾರತ ಹದಿನೆಂಟು ಪರ್ವದ್ದಲ್ಲ, ಹತ್ತೇ ಪರ್ವದ್ದು. ಗದಾಪರ್ವಕ್ಕೆ ಮುಗಿಯುತ್ತದೆ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಸೇರಿಸಿದ. ಶ್ರದ್ಧೆಯಿಂದಲೇ ಬರೆದ. ಆದರೆ ಊರಿನ ಜಗಲಿಯಲ್ಲಿ ಗಮಕ ಇಟ್ಟುಕೊಂಡಾಗ ಜನ ಕೇಳುವುದು ಯಾರನ್ನು? ಹತ್ತಕ್ಕೆ ನಿಂತವನನ್ನು. ಉಳಿದ ಎಂಟು ಪರ್ವ ಇಲ್ಲ ಅಂತ ಎದ್ದು ಹೋದವರನ್ನು ನಾನು ನೋಡಿಲ್ಲ.

ಈಗ ಒಂದು ತಕರಾರು, ಅದೂ ನಿಮ್ಮ ಜಿಲ್ಲೆಯದ್ದೇ. ಹಸೆ ಚಿತ್ತಾರ. ದೀವರ ಸಮುದಾಯದ ಮನೆಗಳ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯನ್ನು ಪುಂಡಿ ನಾರಿನ ಕುಂಚದಲ್ಲಿ ಎಳೆಯುವುದನ್ನು ನಿಮ್ಮ ಮಕ್ಕಳಲ್ಲಿ ಕೆಲವರಾದರೂ ಮನೆಯಲ್ಲೇ ನೋಡಿರಬಹುದು. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಕೈ. ಎಳೆಯ ಪಕ್ಕ ಎಳೆ, ಅಂಚಿಗೆ ಅಂಚು, ಎಲ್ಲ ಒಂದಕ್ಕೊಂದು ಕೂಡಬೇಕು. ಅಲ್ಲಿ ಒಂದು ಎಳೆ ನಡುವೆ ನಿಂತರೆ ಅದು ಚೆಲುವಲ್ಲ, ತಪ್ಪು. ಅಜ್ಜಿ ಬೈಯುತ್ತಾಳೆ, ಬೈಯಬೇಕು. ಆ ಬುಟ್ಟಿ ಹೊಲಕ್ಕೆ ಹೋಗುವುದು ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹೊತ್ತುಕೊಂಡು. ಅಲ್ಲಿ ಅರ್ಧಂಬರ್ಧ ನಡೆಯುವುದಿಲ್ಲ. ಖಾಲಿ ಬಿಡುವುದೇ ದೊಡ್ಡ ಕಲೆ, ತುಂಬುವುದು ಹಳ್ಳಿ ಕೆಲಸ ಅನ್ನುವ ಭಾವನೆ ಮಕ್ಕಳಿಗೆ ಬಂದುಬಿಟ್ಟರೆ ನಾವು ಕಲಿಸಿದ್ದಕ್ಕಿಂತ ಕೆಡಿಸಿದ್ದೇ ಜಾಸ್ತಿಯಾಗುತ್ತದೆ. ಚಿತ್ತಾರ ಬರೆಯುವ ಅಜ್ಜಿಯೊಬ್ಬರನ್ನು ಶಾಲೆಗೆ ಕರೆಸಿ, ಹುಡುಗಿಯ ಮಂಜಿನ ಚಿತ್ರವನ್ನು ಅವರಿಗೂ ತೋರಿಸಿ. ಏನು ಹೇಳುತ್ತಾರೋ ಕೇಳುವ ಆಸೆ ನನಗಿದೆ.

ತರಗತಿಯಲ್ಲಿ ಮಾಡಿಸಲು ಏನಾದರೂ ಬೇಕೆಂದರೆ, ನಿಲ್ಲಿಸುವ ಅಭ್ಯಾಸ ಮಾಡಿಸಿ. ಒಂದು ಚಿತ್ರ ಶುರು ಮಾಡಿಸಿ, ಹತ್ತು ನಿಮಿಷಕ್ಕೊಮ್ಮೆ ಎಲ್ಲರ ಕೈ ನಿಲ್ಲಿಸಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಕೊನೆಗೆ ಎಲ್ಲವನ್ನೂ ಸಾಲಾಗಿ ತೋರಿಸಿ, ಎಲ್ಲಿ ನಿಲ್ಲಿಸಬೇಕಿತ್ತು ಅಂತ ಬರೆದವರನ್ನೇ ಕೇಳಿ. ಎಷ್ಟೋ ಮಕ್ಕಳು ಮೂರನೆಯದ್ದನ್ನೋ ನಾಲ್ಕನೆಯದ್ದನ್ನೋ ತೋರಿಸಿ “ಇಲ್ಲಿ ಚೆನ್ನಾಗಿತ್ತು, ಆಮೇಲೆ ಆಕಾಶಕ್ಕೆ ನೀಲಿ ತುಂಬಿ ಹಾಳು ಮಾಡಿದೆ” ಅನ್ನಬಹುದು. ಕೆಲವರು ಕೊನೆಯದ್ದೇ ಚೆಂದ ಅನ್ನುತ್ತಾರೆ. ಅದೂ ಸರಿಯೇ. ಖಾಲಿ ಬಿಟ್ಟವರನ್ನು ಮಾತ್ರ ಒಂದು ಪ್ರಶ್ನೆ ಕೇಳದೆ ಬಿಡಬೇಡಿ: ಇಲ್ಲಿ ಏನೋ ಒಂದು ಬರೆದಿದ್ದರೆ ಏನು ಕೆಡುತ್ತಿತ್ತು? ಇದಕ್ಕೆ ಉತ್ತರ ಬಂದರೆ ಅದು ಬಿಟ್ಟದ್ದು. ಉತ್ತರವಿಲ್ಲದೆ ನೆಲ ನೋಡಿದರೆ ಬೆಲ್ ಹೊಡೆಯಿತು ಅಂತ ಅರ್ಥ.

ಹುಡುಗಿಯ ತಂದೆಯ ಮಾತನ್ನು ತಳ್ಳಿಹಾಕಬೇಡಿ. ಅವರ ಭಯದಲ್ಲಿ ಹುರುಳಿದೆ. ಅವಳಿಗೆ ಅಡಿಕೆ ಮರದ ತಲೆ ಬರೆಯಲು ಬಂದೂ ಬಿಟ್ಟಳೋ, ಬರದೆ ಬಿಟ್ಟಳೋ ನಮಗೆ ಗೊತ್ತಿಲ್ಲ. ಬರದೆ ಬಿಟ್ಟಿದ್ದರೂ ಈ ಚಿತ್ರದ ಅಂಕ ಕಿತ್ತುಕೊಳ್ಳಬೇಡಿ, ಚಿತ್ರ ನಿಂತಿರುವುದು ಅದರ ಕಾಲ ಮೇಲೆ. ಆದರೆ ಇನ್ನೊಂದು ಹಾಳೆ ಕೊಟ್ಟು, ತೋಟಕ್ಕೆ ಕಳಿಸಿ, ಒಂದು ಮರವನ್ನು ಬುಡದಿಂದ ಸುಳಿಯವರೆಗೆ ಏನೂ ಬಿಡದೆ ಬರೆಸಿ. ಸೋಗೆಯ ಎಸಳು, ಅಡಿಕೆ ಹಾಳೆ, ಗೊನೆ, ಕಾಂಡದ ಉಂಗುರ ಎಲ್ಲ ಬರಲಿ. ಮುಂದೆ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂತರೆ ಅಲ್ಲಿ ಮಂಜು ನಡೆಯುವುದಿಲ್ಲ ಅಂತಲೂ ಹೇಳಿಬಿಡಿ. ವಾರ್ಷಿಕೋತ್ಸವದ ದಿನ ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ. ಕೆಳಗೆ ಏನೂ ಬರೆಯಬೇಡಿ. ಅಪ್ಪ ಬಂದಾಗ ಎರಡರ ನಡುವೆ ಎಷ್ಟು ಹೊತ್ತು ನಿಲ್ಲುತ್ತಾರೋ ನಿಲ್ಲಲಿ.

ಮಂಜಿನ ಚಿತ್ರವನ್ನು ನಮಗೂ ಕಳಿಸುತ್ತೀರಾ? ಹುಡುಗಿಯೂ ಮನೆಯವರೂ ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಹಾಕೋಣ. ಒಂದೇ ತೊಂದರೆ, ನಮ್ಮ ಪುಟ ಕಟ್ಟುವವರಿಗೆ ಖಾಲಿ ಜಾಗ ಕಂಡರೆ ಜಾಹೀರಾತು ಕೂರಿಸುವ ಚಟ. ಅವರಿಗೆ ಈಗಲೇ ಹೇಳಿಟ್ಟಿದ್ದೇನೆ. ಹಿಂದಿನ ಬೆಂಚಿನವನು ಆ ಹಾಳೆಯಲ್ಲಿ ಏನು ಬರೆದ ಅಂತಲೂ ತಿಳಿಸಿ. ಅಂಚೆಗೆ ಹಾಕುವಾಗ ಮಡಚಬೇಡಿ, ಸುರುಳಿ ಸುತ್ತಿ ಪ್ಲಾಸ್ಟಿಕ್ ಹೊದಿಸಿ ಕಳಿಸಿ, ನಿಮ್ಮ ಕಡೆ ಇನ್ನೂ ಮಳೆ ಬಿಟ್ಟಿಲ್ಲ.

— ಸಂಪಾದಕ